ನನ್ನ ಪಾತ್ರವೇ ಅಂಥದ್ದು



ಬೇಸಿಗೆ ರಜೆಯ ಒಂದು ಸಂಜೆ ಬೆಂಗಳೂರಿನಲ್ಲಿರುವ ನನ್ನ ತಮ್ಮನ ಮನೆಗೆ ಹೋಗಿದ್ದೆ. ಊಟದ ಮೇಜಿನ ಸುತ್ತ ಐದು ಮಂದಿ ಮಕ್ಕಳು ಕುಳಿತಿದ್ದರು. ಮೇಜಿನ ಮೇಲೆ ಕೇರಂ ಹಲಗೆಯಾಗಲಿ ಇಸ್ಪೀಟಿನ ಎಲೆಗಳಾಗಲಿ ಇರಲಿಲ್ಲ. ಪೆನ್ಸಿಲು, ಕಾಗದ, ಬಗೆಬಗೆಯ ಆಕಾರದ ದಾಳಗಳು. ಅವುಗಳಲ್ಲಿ ಒಂದಕ್ಕಂತೂ ಇಪ್ಪತ್ತು ಮುಖ. ಒಬ್ಬ ಹುಡುಗ ತನ್ನ ಮುಂದೆ ರಟ್ಟಿನ ಮರೆಯೊಂದನ್ನು ನಿಲ್ಲಿಸಿಕೊಂಡು ಅದರ ಹಿಂದಿನಿಂದ ಕಥೆ ಹೇಳುತ್ತಿದ್ದ. ಉಳಿದ ನಾಲ್ವರು ಆ ಕಥೆಯೊಳಗಿನ ಮನುಷ್ಯರು. ಒಬ್ಬ ಮಂತ್ರವಾದಿ, ಒಬ್ಬ ಯೋಧ, ಒಬ್ಬಳು ವೈದ್ಯೆ. ಅವರೆಲ್ಲರಿಗಿಂತ ಚಿಕ್ಕವಳಾದ ನನ್ನ ತಮ್ಮನ ಮಗಳು, ಹನ್ನೊಂದು ವರ್ಷದ ಹುಡುಗಿ, ಬೀಗ ತೆಗೆಯುವುದರಲ್ಲಿ ನಿಪುಣಳಾದ ಕಳ್ಳಿಯ ಪಾತ್ರ ವಹಿಸಿದ್ದಳು.

ಪಾಳು ಕೋಟೆಯ ನೆಲಮಾಳಿಗೆಯಲ್ಲಿ ಪೆಟ್ಟಿಗೆಯೊಂದು ಸಿಕ್ಕಿತು. ಹುಡುಗಿ ದಾಳ ಹಾಕಿದಳು, ಬೀಗ ತೆರೆಯಿತು, ಒಳಗೊಂದು ಉಂಗುರ. ಆಕೆಯ ಮುಖ ಅರಳಿತು. ಆಗ ಮಂತ್ರವಾದಿಯಾಗಿದ್ದ ಹುಡುಗ (ಹದಿನಾರು ದಾಟಿದವನು, ಆಟದ ಪುಸ್ತಕಗಳೆಲ್ಲ ಅವನವೇ) ನಿದ್ದೆಯ ಮಂತ್ರ ಹಾಕಿ ಕಳ್ಳಿಯನ್ನು ಮಲಗಿಸಿ ಉಂಗುರ ಕಿತ್ತುಕೊಂಡ. ಅಷ್ಟಕ್ಕೇ ಬಿಡದೆ, ಕೈಕಾಲು ಕಟ್ಟಿ ಬಾವಿಗೆ ಇಳಿಸುತ್ತೇನೆ ಎಂದ. “ಬೇಡ ಅಣ್ಣಾ” ಎಂದಳು ಹುಡುಗಿ. ಅವನು ನಕ್ಕು, “ನಾನೇನು ಮಾಡ್ಲಿ? ನನ್ನ ಪಾತ್ರವೇ ಅಂಥದ್ದು” ಎಂದ. ಮರೆಯ ಹಿಂದಿದ್ದ ಹುಡುಗ ಒಂದು ಕ್ಷಣ ದೊಡ್ಡವನ ಮುಖ ನೋಡಿದ. ಮತ್ತೆ “ಸರಿ, ಇಳಿಸಿದ್ದಾಯ್ತು” ಎಂದುಬಿಟ್ಟ. ನೀರು ಕುಡಿದು ಬರುತ್ತೇನೆಂದು ಅಡುಗೆಮನೆಗೆ ಹೋದ ಹುಡುಗಿ ಮರಳಿ ಬರಲಿಲ್ಲ. ಅಲ್ಲೇ ದಿನಪತ್ರಿಕೆ ಹಿಡಿದು ಕುಳಿತಿದ್ದ ನಾನು ಇದನ್ನೆಲ್ಲ ಕಂಡೂ ಸುಮ್ಮನಿದ್ದೆ. ಮಕ್ಕಳ ಆಟ, ಹಿರಿಯರು ನಡುವೆ ಬಾಯಿ ಹಾಕಬಾರದು ಎಂಬ ವಿವೇಕ ನನ್ನದಾಗಿತ್ತು.

ರಾತ್ರಿ ತಮ್ಮನ ಹೆಂಡತಿ ಕೇಳಿದಳು: “ಭಾವ, ಈ ಆಟದಲ್ಲಿ ದೆವ್ವ, ಮಾಟ ಎಲ್ಲ ಇದೆಯಂತೆ. ಮಕ್ಕಳಿಗೆ ಆಡೋಕೆ ಬಿಡಬಹುದಾ?” ಅಂದು ಆಕೆಗೆ ಸರಿಯಾದ ಉತ್ತರ ಕೊಡಲು ನನ್ನಿಂದಾಗಲಿಲ್ಲ. ಇದೇ ಪ್ರಶ್ನೆ ನಿಮ್ಮಲ್ಲಿ ಅನೇಕರ ಮನೆಯಲ್ಲಿಯೂ ಎದ್ದಿರಬಹುದಾದ್ದರಿಂದ ತಡವಾದ ಆ ಉತ್ತರವನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಈ ಆಟ ಯಾವುದು ಎಂಬುದನ್ನು ತಿಳಿಯೋಣ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟವನ್ನು ಮೂರು ಕಿರುಪುಸ್ತಿಕೆಗಳಾಗಿ ಹೊರತಂದರು. ಮೊದಲ ಮುದ್ರಣ ಕೇವಲ 1000 ಪ್ರತಿಗಳು. ಯುದ್ಧದ ಬೊಂಬೆಯಾಟದಿಂದ ಹುಟ್ಟಿದ ಈ ಆಟದಲ್ಲಿ ಹೊಸತೆಂದರೆ, ಪ್ರತಿಯೊಬ್ಬ ಆಟಗಾರನೂ ಒಂದು ಸೇನೆಯನ್ನು ನಡೆಸುವ ಬದಲು ಒಬ್ಬನೇ ಒಬ್ಬ ಮನುಷ್ಯನಾಗಿ ಮಾತನಾಡುತ್ತಾನೆ, ನಿರ್ಧರಿಸುತ್ತಾನೆ. ಒಬ್ಬ ಮಾತ್ರ ಯಾವ ಒಂದು ಪಾತ್ರಕ್ಕೂ ಅಂಟಿಕೊಳ್ಳದೆ ಇಡೀ ಲೋಕವನ್ನು ಕಟ್ಟುತ್ತಾನೆ. ರಾಕ್ಷಸನೂ ಅವನೇ, ರಾಜನೂ ಅವನೇ, ಮಳೆಯೂ ಅವನೇ. ‘ಡಂಜನ್ ಮಾಸ್ಟರ್’ ಎಂಬುದು ಅವನಿಗಿರುವ ಹೆಸರು. ನಾವು ಸೂತ್ರಧಾರ ಎಂದರೆ ತಪ್ಪಾಗದು. ಈ ಆಟದಲ್ಲಿ ಗೆಲ್ಲುವವರೂ ಇಲ್ಲ, ಸೋಲುವವರೂ ಇಲ್ಲ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ಎಂಬ ವಿದ್ಯಾರ್ಥಿಗಳು ಹಲವರು ಕೂಡಿ ಆಡಬಲ್ಲ ಇಂಥದೇ ಲೋಕವನ್ನು ಕಂಪ್ಯೂಟರಿನೊಳಗೆ ಕಟ್ಟಿದರು. ಇಂದು ಅಂತರಜಾಲದಲ್ಲಿ ಲಕ್ಷಾಂತರ ಜನ ಆಡುವ ಪಾತ್ರದಾಟಗಳು ಆ ಬಳಗಕ್ಕೆ ಸೇರಿದವು.

ನನ್ನ ತಮ್ಮನ ಹೆಂಡತಿಯ ಭಯ ಹೊಸದಲ್ಲ. 1979ರಲ್ಲಿ ಮಿಷಿಗನ್ನಿನ ವಿದ್ಯಾರ್ಥಿಯೊಬ್ಬ ಕಾಣೆಯಾದಾಗ, ಈ ಆಟವಾಡುತ್ತ ವಿಶ್ವವಿದ್ಯಾಲಯದ ನೆಲದಡಿಯ ಸುರಂಗಗಳಲ್ಲಿ ಕಳೆದುಹೋದನೆಂಬ ವದಂತಿ ಹಬ್ಬಿತು. ಹುಡುಗ ಜೀವಂತ ಸಿಕ್ಕಿದ, ಕಾರಣ ಆಟವಾಗಿರಲಿಲ್ಲ. ಆದರೆ ವದಂತಿ ನಿಲ್ಲಲಿಲ್ಲ. ಮಗನನ್ನು ಕಳೆದುಕೊಂಡ ತಾಯಿಯೊಬ್ಬರು 1983ರಲ್ಲಿ ಈ ಆಟದ ವಿರುದ್ಧ ಸಂಘಟನೆಯನ್ನೇ ಕಟ್ಟಿದರು. ಅಮೆರಿಕದ ಅನೇಕ ಕ್ರೈಸ್ತ ಕುಟುಂಬಗಳಲ್ಲಿ ಪುಸ್ತಕಗಳು ಕಸದ ಬುಟ್ಟಿ ಸೇರಿದವು. ಪ್ರಕಾಶಕರು 1989ರ ಎರಡನೆಯ ಆವೃತ್ತಿಯಲ್ಲಿ ದೆವ್ವ ಪಿಶಾಚಿಗಳ ಹೆಸರನ್ನೇ ಕೈಬಿಟ್ಟರು. ಆ ತಾಯಿಯ ದುಃಖವನ್ನು ನಾನು ಲಘುವಾಗಿ ಕಾಣಲಾರೆ. ಆದರೆ ಎಲ್ಲರೂ ಪುಸ್ತಕದ ಚಿತ್ರಗಳಲ್ಲಿ ಕೆಡುಕನ್ನು ಹುಡುಕುತ್ತಿದ್ದಾಗ, ಮೇಜಿನ ಸುತ್ತಲಿನ ಕುರ್ಚಿಗಳಲ್ಲಿ ಯಾರು ಯಾರಿಗೆ ಏನು ಮಾಡುತ್ತಿದ್ದಾರೆಂದು ನೋಡಿದವರು ವಿರಳ.

ಏಕೆಂದರೆ, ಓದುಗರೇ, ಈ ಆಟದಲ್ಲಿ ಎರಡು ಬಗೆಯ ಬಲಗಳಿವೆ. ಒಂದು ಪಾತ್ರದ ಬಲ. ಹಳೆಯ ನಿಯಮಗಳಲ್ಲಿ ಮಂತ್ರವಾದಿ ಆರಂಭದಲ್ಲಿ ಒಂದೇ ಏಟಿಗೆ ಸಾಯುವಷ್ಟು ದುರ್ಬಲ. ಕಥೆ ಮುಂದುವರಿದಂತೆ ಯೋಧನನ್ನು ಮೀರಿಸಿ ಬೆಟ್ಟವನ್ನೇ ಅಲುಗಿಸಬಲ್ಲವನಾಗುತ್ತಾನೆ. ಇದು ಅನ್ಯಾಯವೆಂದು ಆಟಗಾರರು ದಶಕಗಳಿಂದ ಜಗಳವಾಡಿದ್ದಾರೆ. ನನಗಂತೂ ಅದು ಅಷ್ಟು ದೊಡ್ಡ ಸಂಗತಿಯಾಗಿ ಕಾಣದು. 1987ರಲ್ಲಿ ಬಂದ ‘ಆರ್ಸ್ ಮ್ಯಾಜಿಕಾ’ ಎಂಬ ಆಟ ಈ ಅಸಮಾನತೆಯನ್ನು ಮುಚ್ಚಿಡುವುದೇ ಇಲ್ಲ. ಮಧ್ಯಯುಗದ ಯೂರೋಪಿನಂಥ ಅದರ ಲೋಕದಲ್ಲಿ ಮಾಂತ್ರಿಕರು ಮಹಾಬಲಶಾಲಿಗಳು. ಅವರ ಕಾವಲುಗಾರರೂ ಆಳುಗಳೂ ಸಾಮಾನ್ಯರು. ಆದರೆ ಒಂದು ಕಥೆಯಲ್ಲಿ ಮಾಂತ್ರಿಕನಾದವನು ಮತ್ತೊಂದು ಕಥೆಯಲ್ಲಿ ಕಾವಲುಗಾರನಾಗುತ್ತಾನೆ. ಸೂತ್ರಧಾರನ ಸ್ಥಾನವೂ ಕೈಯಿಂದ ಕೈಗೆ ಸಾಗಬಹುದು. ನಿನ್ನೆ ಆಳಿಗೆ “ಹೋಗು, ಆ ಗುಹೆಯೊಳಗೆ ನೀನೇ ಮೊದಲು ನುಗ್ಗು” ಎಂದವನು ಇಂದು ಅದೇ ಗುಹೆಯ ಬಾಯಲ್ಲಿ ಈಟಿ ಹಿಡಿದು ನಿಲ್ಲಬೇಕಾಗುತ್ತದೆ. ಈ ಒಂದು ಏರ್ಪಾಡಿನಲ್ಲಿ ಎಷ್ಟು ಅರಿವು ಅಡಗಿದೆಯೆಂದು ಮನೆಗಳಲ್ಲಿ, ಕಚೇರಿಗಳಲ್ಲಿ ಆಳುವವರಾಗಿಯೇ ಬಾಳುವ ನಾವು ಕೊಂಚ ಯೋಚಿಸಬಹುದು.

ಎರಡನೆಯದು ಆಟಗಾರನ ಬಲ. ಇದು ಕಾಗದದ ಮೇಲೆ ಎಲ್ಲಿಯೂ ಬರೆದಿರುವುದಿಲ್ಲ. ಯಾರು ವಯಸ್ಸಿನಲ್ಲಿ ಹಿರಿಯರು, ಯಾರಿಗೆ ನಿಯಮ ಚೆನ್ನಾಗಿ ಗೊತ್ತು, ಯಾರ ಮಾತು ಜೋರು, ಪುಸ್ತಕ ಯಾರದು, ಮನೆ ಯಾರದು. ಆ ಸಂಜೆ ಸೂತ್ರಧಾರನಾಗಿದ್ದ ಹುಡುಗನಿಗೆ ಕಥೆಯ ಲೋಕದಲ್ಲಿ ಮಳೆಗಾಳಿಗಳೇ ಅಧೀನವಾಗಿದ್ದವು. ಆದರೂ ಪುಸ್ತಕ ತಂದ ದೊಡ್ಡ ಹುಡುಗನ ಮುಖ ನೋಡಿ ಅವನು ತಲೆಯಾಡಿಸಿದ. ನಿಜವಾದ ಬಲ ಎಲ್ಲಿತ್ತೆಂಬುದು ಆ ಒಂದು ನೋಟದಿಂದ ತಿಳಿಯುತ್ತದೆ. ಮಂತ್ರವಾದಿ ಕಳ್ಳಿಯನ್ನು ಬಾವಿಗಿಳಿಸಿದ್ದು ಕಥೆ. ಹದಿನಾರರ ಹುಡುಗ ಹನ್ನೊಂದರ ಹುಡುಗಿಯ “ಬೇಡ”ವನ್ನು ಕೇಳಿಯೂ ಮುಂದುವರಿಸಿದ್ದು ಕಥೆಯಲ್ಲ. ಅದು ಊಟದ ಮೇಜಿನ ಮೇಲೆಯೇ ನಡೆದ ಸಂಗತಿ.

“ನನ್ನ ಪಾತ್ರವೇ ಅಂಥದ್ದು” ಎಂಬ ಮಾತು ಎಷ್ಟು ಸುಲಭವಾಗಿ ನಾಲಿಗೆಗೆ ಬರುತ್ತದೆ! ಆದರೆ ಆ ಪಾತ್ರವನ್ನು ಆರಿಸಿದವನು ಯಾರು? ಈ ಗಳಿಗೆಯಲ್ಲಿ ಅದು ಹೀಗೆಯೇ ನಡೆಯಬೇಕೆಂದು ತೀರ್ಮಾನಿಸಿದವನು ಯಾರು? 1971ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಫಿಲಿಪ್ ಜಿಂಬಾರ್ಡೊ ನಡೆಸಿದ ಸೆರೆಮನೆ ಪ್ರಯೋಗದ ಬಗ್ಗೆ ನೀವು ಕೇಳಿರಬಹುದು. ಯುವಕರನ್ನು ನಾಣ್ಯ ಚಿಮ್ಮಿ ಕಾವಲುಗಾರರು, ಕೈದಿಗಳು ಎಂದು ವಿಂಗಡಿಸಲಾಯಿತು. ಎರಡು ವಾರ ನಡೆಯಬೇಕಿದ್ದದ್ದು ಕಾವಲುಗಾರರ ಕ್ರೌರ್ಯದಿಂದಾಗಿ ಆರೇ ದಿನಕ್ಕೆ ನಿಂತಿತು. ಪಾತ್ರವೇ ಮನುಷ್ಯನನ್ನು ಕ್ರೂರನನ್ನಾಗಿಸುತ್ತದೆ ಎಂಬ ಪಾಠವನ್ನು ಬಹುಕಾಲ ಅದರಿಂದ ಹೇಳಲಾಗುತ್ತಿತ್ತು. ಆದರೆ 2018ರಲ್ಲಿ ಫ್ರೆಂಚ್ ಸಂಶೋಧಕ ತಿಬೋ ಲ ತೆಕ್ಸಿಯೆ ಆ ಪ್ರಯೋಗದ ಕಡತಗಳನ್ನು ಶೋಧಿಸಿ, ಕಠಿಣವಾಗಿ ವರ್ತಿಸಲು ಕಾವಲುಗಾರರಿಗೆ ಸೂಚನೆಗಳಿದ್ದವೆಂದು ತೋರಿಸಿದರು. ಎಲ್ಲರಿಗಿಂತ ಕಠೋರನೆನಿಸಿದ ಕಾವಲುಗಾರನೂ ತಾನೊಂದು ಚಲನಚಿತ್ರದ ಪಾತ್ರವನ್ನು ಅನುಕರಿಸಿ ಬೇಕೆಂದೇ ನಟಿಸುತ್ತಿದ್ದೆನೆಂದು ಹೇಳಿದ್ದಾನೆ. ಪಾತ್ರ ತಾನಾಗಿ ಯಾರ ಕೈಯನ್ನೂ ಎತ್ತಿರಲಿಲ್ಲ. ಹಿಂದೆ ಒಬ್ಬ ಹೇಳುವವನಿದ್ದ, ಮುಂದೆ ಒಬ್ಬ ಒಪ್ಪುವವನಿದ್ದ.

ನಮ್ಮ ಧರ್ಮಕೇಂದ್ರಗಳಲ್ಲಿ ತಪಸ್ಸುಕಾಲದಲ್ಲಿ ನಡೆಯುವ ಯೇಸುವಿನ ಪಾಡುಗಳ ನಾಟಕವನ್ನು ನೆನೆಯಿರಿ. ಚಾಟಿ ಬೀಸುವ ಸೈನಿಕನ ಪಾತ್ರವನ್ನು ಯಾರಾದರೂ ಮಾಡಲೇಬೇಕು. ಜನ ಬೆಚ್ಚಿಬೀಳುವಂತೆ ಬೀಸಬೇಕು. ಒಳ್ಳೆಯ ಸೈನಿಕ ಅಭ್ಯಾಸದ ದಿನವೇ ಹಗ್ಗ ಎಲ್ಲಿ ಬಿದ್ದರೆ ಸದ್ದು ಹೆಚ್ಚು, ಪೆಟ್ಟು ಕಡಿಮೆ ಎಂದು ನೋಡಿಕೊಂಡಿರುತ್ತಾನೆ. ಪರದೆ ಬಿದ್ದೊಡನೆ “ತಾಗ್ತೇನೋ?” ಎಂದು ಕೇಳುತ್ತಾನೆ. ಅವನ ಮುಖದ ಕ್ರೌರ್ಯ ಸುಳ್ಳಲ್ಲ, ಅದು ಅವನ ಕಲೆ. ಎದುರಿನವನ ಬೆನ್ನಿನ ಮೇಲೆ ಅವನ ಕಣ್ಣಿರುವುದೂ ಸುಳ್ಳಲ್ಲ. ಎರಡೂ ಒಟ್ಟಿಗೆ ಇರಬಲ್ಲವು. ಕೆಟ್ಟವನ ಪಾತ್ರ ವಹಿಸುವುದು ತಪ್ಪೆಂದು ಹೇಳುವವರು ಇದನ್ನು ಮರೆಯುತ್ತಾರೆ.

ಮೇಜಿನಲ್ಲಾದರೆ ಎದುರಿನವರ ಮುಖ ಕಾಣುತ್ತದೆ. ಮುಖವೇ ಕಾಣದ ಕಡೆ ಏನಾದೀತು? ಈ ವಿಷಯದಲ್ಲಿ 1993ರ ಒಂದು ಘಟನೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಸ್ಥೆಯ ಸಂಶೋಧನಾ ಕೇಂದ್ರದಲ್ಲಿ ಪಾವೆಲ್ ಕರ್ಟಿಸ್ ಎಂಬವರು 1990ರಲ್ಲಿ ‘ಲ್ಯಾಂಬ್ಡಾಮೂ’ ಎಂಬ ಲೋಕವೊಂದನ್ನು ಕಟ್ಟಿದ್ದರು. ಚಿತ್ರವಿಲ್ಲ, ದನಿಯಿಲ್ಲ, ಬರೀ ಅಕ್ಷರ. ದೂರದೂರದ ಜನ ತಮ್ಮ ಕಂಪ್ಯೂಟರುಗಳಿಂದ ಅಲ್ಲಿಗೆ ಬಂದು, ತಾವು ಕಲ್ಪಿಸಿಕೊಂಡ ವ್ಯಕ್ತಿಗಳಾಗಿ ಅದರ ನಡುಮನೆಯಲ್ಲಿ ಕೂತು ಹರಟುತ್ತಿದ್ದರು. ಆ ಲೋಕದ ಯಂತ್ರವನ್ನು ನೋಡಿಕೊಳ್ಳುವವರಿಗೆ ‘ಮಾಂತ್ರಿಕರು’ ಎಂದೇ ಹೆಸರು. ಯಾರನ್ನು ಬೇಕಾದರೂ ಹೊರಹಾಕುವ ಶಕ್ತಿ ಅವರಿಗಿತ್ತು. ಜನ ಹೆಚ್ಚಿ ಜಗಳಗಳು ಹೆಚ್ಚಿದಾಗ, 1992ರ ಕೊನೆಯಲ್ಲಿ ಕರ್ಟಿಸ್ ಒಂದು ಪ್ರಕಟಣೆ ಹೊರಡಿಸಿದರು: ಇನ್ನು ಮುಂದೆ ಮಾಂತ್ರಿಕರು ಯಂತ್ರವನ್ನಷ್ಟೇ ನೋಡಿಕೊಳ್ಳುತ್ತಾರೆ, ಜನರ ವ್ಯಾಜ್ಯಗಳಿಗೆ ತಲೆಹಾಕುವುದಿಲ್ಲ. ಓದಲು ಎಷ್ಟು ವಿನಯದ ಮಾತು!

ಕೆಲವೇ ತಿಂಗಳಲ್ಲಿ ಒಂದು ರಾತ್ರಿ, ‘ಮಿಸ್ಟರ್ ಬಂಗಲ್’ ಎಂಬ ಹೆಸರಿನವನೊಬ್ಬ ಆ ನಡುಮನೆಗೆ ಬಂದ. ಇತರರ ಪಾತ್ರಗಳು ತಾವಾಗಿಯೇ ಏನನ್ನೋ ಮಾಡುತ್ತಿರುವಂತೆ ಎಲ್ಲರ ಪರದೆಯ ಮೇಲೆ ಅಕ್ಷರ ಮೂಡಿಸುವ ಉಪಾಯವೊಂದು ಅವನಲ್ಲಿತ್ತು. ಅದನ್ನು ಬಳಸಿ ಕೆಲವು ಆಟಗಾರ್ತಿಯರ ಪಾತ್ರಗಳ ಮೇಲೆ ಬಲಾತ್ಕಾರ ನಡೆಯುವಂತೆ, ಅವು ತಮಗೆ ತಾವೇ ಹೀನ ಕೃತ್ಯಗಳನ್ನು ಮಾಡಿಕೊಳ್ಳುವಂತೆ ಬರೆದ. ವಿವರ ಈ ಪುಟಗಳಿಗೆ ಬೇಡ. ಯಾರ ಮೈಯನ್ನೂ ಅವನು ಮುಟ್ಟಿರಲಿಲ್ಲ. ಆದರೂ ಸಿಯಾಟಲ್ ನಗರದಲ್ಲಿದ್ದ ಆಟಗಾರ್ತಿಯೊಬ್ಬರು ಮರುದಿನ ಅದರ ಬಗ್ಗೆ ಎಲ್ಲರಿಗೂ ಪತ್ರ ಬರೆಯುವಾಗ ಕಣ್ಣೀರು ಹರಿಯುತ್ತಿತ್ತೆಂದು ಜೂಲಿಯನ್ ಡಿಬೆಲ್ ಅದೇ ವರ್ಷದ ಡಿಸೆಂಬರಿನಲ್ಲಿ ‘ವಿಲೇಜ್ ವಾಯ್ಸ್’ ಪತ್ರಿಕೆಯಲ್ಲಿ ಬರೆದ ಪ್ರಸಿದ್ಧ ಲೇಖನದಿಂದ ತಿಳಿಯುತ್ತದೆ. ಆ ಲೋಕದ ಜನ ಸಭೆ ಸೇರಿ ಗಂಟೆಗಟ್ಟಲೆ ಚರ್ಚಿಸಿದರು. ಬಂಗಲ್ ಕೂಡ ಬಂದ. ತನ್ನ ನಿಜ ಬದುಕಿನ ಮೇಲೆ ಯಾವ ಪರಿಣಾಮವೂ ಇಲ್ಲದ ಘಟನೆಗಳಷ್ಟೇ ಅವು ಎಂಬ ಅರ್ಥದ ಮಾತು ಹೇಳಿದ.

ಗಮನಿಸಿ: *ತನ್ನ* ಬದುಕಿನ ಮೇಲೆ. ಆ ಮಾತು ನಿಜವೇ. ಚಾಟಿ ಹಿಡಿದವನ ಬೆನ್ನಿಗೆ ಎಂದೂ ನೋವಾಗದು. ಆಟ ಯಾವುದು, ನಿಜ ಯಾವುದು ಎಂಬ ಗೆರೆಯನ್ನು ಎಳೆಯುವ ಹಕ್ಕನ್ನೂ ಬಲವಿದ್ದವನೇ ಇಟ್ಟುಕೊಂಡಾಗ, ಗೆರೆ ಯಾವಾಗಲೂ ಅವನಿಗೆ ಅನುಕೂಲವಾದ ಕಡೆಯೇ ಬೀಳುತ್ತದೆ.

ಸಭೆ ಯಾವ ತೀರ್ಮಾನಕ್ಕೂ ಬರಲಿಲ್ಲ. ಕೊನೆಗೆ ಒಬ್ಬ ಮಾಂತ್ರಿಕ ತಾನೊಬ್ಬನೇ ನಿಶ್ಚಯಿಸಿ ಬಂಗಲ್‌ನ ಪಾತ್ರವನ್ನು ಅಳಿಸಿಹಾಕಿದ. ಬಳಿಕ ಕರ್ಟಿಸ್, ಜನರೇ ಮನವಿ ಸಲ್ಲಿಸಿ ಮತ ಹಾಕಿ ನಿರ್ಧರಿಸುವ ವ್ಯವಸ್ಥೆ ತಂದರು. ಅದೂ ಬಹುಕಾಲ ನಿಲ್ಲಲಿಲ್ಲ. 1996ರಲ್ಲಿ ಮಾಂತ್ರಿಕರು ಸಾಮಾಜಿಕ ನಿರ್ಧಾರಗಳನ್ನೂ ಮರಳಿ ಕೈಗೆ ತೆಗೆದುಕೊಂಡರು. ಈ ಇತಿಹಾಸವನ್ನು ಓದುವಾಗ ನನ್ನನ್ನು ಚುಚ್ಚಿದ್ದು ಬಂಗಲ್‌ನ ದುಷ್ಟತನಕ್ಕಿಂತ 1992ರ ಆ ವಿನಯದ ಪ್ರಕಟಣೆ. ಕೈಯಲ್ಲಿ ಬಲವಿರುವವನು “ನಾನು ನಡುವೆ ಬರುವುದಿಲ್ಲ” ಎಂದಾಗ ಬಲ ಎಲ್ಲಿಗೂ ಹೋಗುವುದಿಲ್ಲ. ಮುಂದೆ ನುಗ್ಗುವವನಿಗೆ ದಾರಿ ತೆರವಾಗುತ್ತದೆ, ಅಷ್ಟೆ. ದಿನಪತ್ರಿಕೆಯ ಹಿಂದೆ ಕುಳಿತಿದ್ದ ನನ್ನ ವಿವೇಕವೂ ಆ ಪ್ರಕಟಣೆಗಿಂತ ಬೇರೆಯಾಗಿರಲಿಲ್ಲ.

ಬಲವಂತರ ಮತ್ತೊಂದು ದೌರ್ಬಲ್ಯಕ್ಕೆ ಒಂದು ಚಿಕ್ಕ, ತುಸು ನಗೆ ಬರಿಸುವ ಉದಾಹರಣೆ. ‘ಅಲ್ಟಿಮಾ ಆನ್‌ಲೈನ್’ ಎಂಬ ಆಟವನ್ನು 1997ರ ಆಗಸ್ಟಿನಲ್ಲಿ ಪರೀಕ್ಷಿಸುತ್ತಿದ್ದಾಗ, ಅದರ ಕರ್ತೃ ರಿಚರ್ಡ್ ಗ್ಯಾರಿಯಟ್ ‘ಲಾರ್ಡ್ ಬ್ರಿಟಿಷ್’ ಎಂಬ ರಾಜನಾಗಿ ಪ್ರಜೆಗಳಿಗೆ ದರ್ಶನ ಕೊಡುತ್ತಿದ್ದರು. ತನ್ನನ್ನು ಸಾವಿನಿಂದ ಕಾಯುವ ಗುಂಡಿಯನ್ನು ಒತ್ತಲು ಅವರು ಮರೆತಿದ್ದರು. ಆಟಗಾರನೊಬ್ಬ ಬೆಂಕಿಯ ಮಂತ್ರ ಎಸೆದ, ರಾಜ ಸತ್ತುಬಿದ್ದ. ಆಟದ ನಿರ್ಮಾಪಕರ ತಂಡ ಒಡನೆಯೇ ರಾಕ್ಷಸರನ್ನು ಕರೆಸಿತು. ಕೋಟೆಯಲ್ಲಿ ಸುಮ್ಮನೆ ನಿಂತಿದ್ದ ಏನೂ ಅರಿಯದ ಪ್ರಜೆಗಳೂ ಸತ್ತರು. ದೊಡ್ಡವರ ಅಭಿಮಾನಕ್ಕೆ ಪೆಟ್ಟಾದಾಗ ಅದರ ಬೆಲೆ ತೆರುವವರು ಯಾರೆಂಬುದು ಆಟದಲ್ಲಿಯೂ ಬದಲಾಗಲಿಲ್ಲ.

ಹಾಗಾದರೆ ಆಟದಲ್ಲಿ ಅಪಾಯವೇ ಇರಬಾರದೇ, ಎಲ್ಲರನ್ನೂ ಹತ್ತಿಯಲ್ಲಿಟ್ಟು ಆಡಿಸಬೇಕೇ ಎಂದು ನೀವು ಕೇಳಬಹುದು. ಗೈಗ್ಯಾಕ್ಸ್ ಸ್ವತಃ ‘ಟೂಮ್ ಆಫ್ ಹಾರರ್ಸ್’ ಎಂಬ ಸಾಹಸವನ್ನು ರಚಿಸಿದ್ದರು. ಅದರೊಳಗೆ ಹೊಕ್ಕ ಪಾತ್ರಗಳಲ್ಲಿ ಬದುಕಿ ಬಂದವು ಕಡಿಮೆ. ಆದರೂ ಆಟಗಾರರು ಅದನ್ನು ದಶಕಗಳಿಂದ ಪ್ರೀತಿಯಿಂದಲೇ ನೆನೆಯುತ್ತಾರೆ. ಅಲ್ಲಿ ಸಾವು ಎಲ್ಲರಿಗೂ ಸಮನಾಗಿ ಕಾದಿತ್ತು, ಮತ್ತು ಎಲ್ಲರೂ ತಿಳಿದೇ ಒಳಗೆ ಹೋಗಿದ್ದರು. ದಾಳದಿಂದ ಸೋತ ಮಗು ಮರುದಿನ ಮತ್ತೆ ಆಡಲು ಬರುತ್ತದೆ. ಇನ್ನೊಬ್ಬರ ಮರ್ಜಿಯಿಂದ ಸೋತ ಮಗು ಅಡುಗೆಮನೆಯಲ್ಲೇ ಉಳಿಯುತ್ತದೆ.

2013ರಲ್ಲಿ ಜಾನ್ ಸ್ಟಾವ್ರೊಪೌಲೋಸ್ ಎಂಬ ಆಟಗಾರ ಸರಳವಾದ ಉಪಾಯವೊಂದನ್ನು ಸೂಚಿಸಿದರು. ‘ಎಕ್ಸ್’ ಅಕ್ಷರ ಬರೆದ ಒಂದು ಕಾರ್ಡನ್ನು ಮೇಜಿನ ನಡುವೆ ಇಡಬೇಕು. ಕಥೆಯಲ್ಲಿ ಬರುವ ಯಾವುದಾದರೂ ಸಂಗತಿ ಸಹಿಸಲಾರದ್ದೆನಿಸಿದರೆ ಯಾರು ಬೇಕಾದರೂ ಅದನ್ನು ಮುಟ್ಟಬಹುದು. ಆ ಸಂಗತಿಯನ್ನು ಕೈಬಿಟ್ಟು ಕಥೆ ಮುಂದೆ ಸಾಗುತ್ತದೆ. ಏಕೆಂದು ಯಾರೂ ಕೇಳುವಂತಿಲ್ಲ. ಕಾರಣ ಕೊಡಬೇಕಿಲ್ಲ ಎಂಬುದೇ ಇದರ ಜೀವಾಳ. ಕಾರಣ ಕೇಳಿದೊಡನೆ ವಾದ ಶುರುವಾಗುತ್ತದೆ, ವಾದದಲ್ಲಿ ಮಾತು ಬಲ್ಲವನೇ ಗೆಲ್ಲುತ್ತಾನೆ. ಇದು ಆಟವನ್ನು ಸಪ್ಪೆಯಾಗಿಸುತ್ತದೆಂದು ಮೂದಲಿಸುವವರಿದ್ದಾರೆ. ನಾನು ಅವರ ಪಕ್ಷವಲ್ಲ. ಆದರೂ ಒಂದು ಅನುಮಾನ ನನ್ನಲ್ಲಿ ಉಳಿದಿದೆ: ದೊಡ್ಡಣ್ಣನ ಮುಖ ನೋಡಿ “ಬೇಡ” ಎಂಬುದನ್ನೇ ಮೆಲ್ಲಗೆ ಹೇಳುವ ಹುಡುಗಿ ಕೈಚಾಚಿ ಕಾರ್ಡು ಮುಟ್ಟಿಯಾಳೇ? ಕಾರ್ಡಿಗೆ ಮೊದಲು ಆಕೆಯನ್ನು ಒಬ್ಬರು ನೋಡುತ್ತಿರಬೇಕು.

ಒಳ್ಳೆಯ ಪಾತ್ರಧಾರಿ ಎಂದರೆ ದನಿ ಬದಲಿಸಿ ಸೊಗಸಾಗಿ ಮಾತನಾಡುವವನೆಂದು ನಾವು ಭಾವಿಸುತ್ತೇವೆ. ತಾಳಮದ್ದಳೆಯನ್ನು ಕೇಳಿ ಬೆಳೆದ ಕರಾವಳಿಯ ಓದುಗರಿಗೆ ಅದು ಸಾಲದೆಂದು ಗೊತ್ತು. ವೇಷವಿಲ್ಲ, ಬರೆದಿಟ್ಟ ಸಂಭಾಷಣೆಯಿಲ್ಲ. ಅರ್ಥಧಾರಿಗಳು ಕುಳಿತಲ್ಲೇ ಪಾತ್ರವಾಗಿ ಮಾತಿಗೆ ಮಾತು ಬೆಳೆಸುತ್ತಾರೆ. ಕೃಷ್ಣಸಂಧಾನದಲ್ಲಿ ಕೃಷ್ಣನಾಗಿ ಹಿರಿಯ ಅರ್ಥಧಾರಿ, ಕೌರವನಾಗಿ ಕಿರಿಯನೊಬ್ಬ ಕುಳಿತಿದ್ದಾನೆನ್ನಿ. ಹಿರಿಯ ಮನಸ್ಸು ಮಾಡಿದರೆ ಪಾಂಡಿತ್ಯದ ಹೊಳೆ ಹರಿಸಿ ಕಿರಿಯನ ಬಾಯಿ ಕಟ್ಟಬಲ್ಲ. ಸಭೆ ಚಪ್ಪಾಳೆಯನ್ನೂ ತಟ್ಟೀತು. ಕೃಷ್ಣ ದೇವರು, ಅವನ ಮಾತೇ ಕೊನೆಯದು ಎಂಬ ನೆಪವೂ ಸಿದ್ಧವಾಗಿದೆ. ಆದರೆ ನುರಿತವನು ಹಾಗೆ ಮಾಡುವುದಿಲ್ಲ. ಮಾತಿನ ಕೊನೆಯಲ್ಲಿ ಒಂದು ಎಳೆಯನ್ನು ಬೇಕೆಂದೇ ಸಡಿಲವಾಗಿ ಬಿಡುತ್ತಾನೆ, ಕಿರಿಯ ಹಿಡಿದುಕೊಳ್ಳಲೆಂದು. ಕಿರಿಯ ಅದನ್ನು ಹಿಡಿದು ಛಲದಿಂದ ತಿರುಗಿಬಿದ್ದಾಗ ಹಿರಿಯನ ಕಣ್ಣಿನಲ್ಲಿ ಮಿಂಚುವ ಸಂತೋಷ ಕೃಷ್ಣನದಲ್ಲ, ಅವನದೇ. ಕಥೆಯಲ್ಲಿ ದೇವರಿಗೂ ದುರ್ಯೋಧನನಿಗೂ ಇರುವ ಅಂತರ ಒಂದಿಷ್ಟೂ ಕಡಿಮೆಯಾಗದೆ, ಚಾಪೆಯ ಮೇಲೆ ಇಬ್ಬರು ಮನುಷ್ಯರು ಸರಿಸಮರಾಗಿ ಕುಳಿತಿರುತ್ತಾರೆ.

ಮರುದಿನ ಸಂಜೆಯೂ ಮಕ್ಕಳು ಬಂದರು. ನಾನು ಪತ್ರಿಕೆಯನ್ನು ಮಡಚಿಟ್ಟು ಮೇಜಿನ ಬಳಿಗೇ ಕುರ್ಚಿ ಎಳೆದುಕೊಂಡೆ. “ದೊಡ್ಡಪ್ಪನೂ ಆಡ್ತಾರಂತೆ” ಎಂದು ನಕ್ಕರು. ಆಡುವುದಿಲ್ಲ, ನೋಡುತ್ತೇನೆ ಎಂದೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹುಡುಗಿಯನ್ನು ತೋರಿಸಿ ಸೂತ್ರಧಾರ ಹುಡುಗನನ್ನು ಕೇಳಿದೆ: “ಬಾವಿಯೊಳಗಿರುವವಳ ಗತಿ ಏನಪ್ಪಾ?” ಅವನು ತಬ್ಬಿಬ್ಬಾದ. ಕಾಗದಗಳನ್ನು ಅತ್ತಿತ್ತ ಸರಿಸಿದ. ದೊಡ್ಡವನ ಕಡೆ ನೋಡಲಿಲ್ಲ. “ಬಾವಿಯ ತಳದಲ್ಲಿ ಒಂದು ಬಾಗಿಲಿದೆ” ಎಂದ. “ಅದಕ್ಕೆ ಬೀಗ ಇದೆ. ಮೇಲೆ ಮಂತ್ರವಾದಿಯನ್ನು ಸೈನಿಕರು ಸುತ್ತುವರಿದಿದ್ದಾರೆ. ಅವನ ಮಂತ್ರಗಳೆಲ್ಲ ಮುಗಿದಿವೆ. ತಪ್ಪಿಸಿಕೊಳ್ಳಲು ಇರೋದು ಬಾವಿಯ ಹಗ್ಗ ಮಾತ್ರ, ಅದರ ತುದಿ ಕೆಳಗೆ ಅವಳ ಹತ್ತಿರ ಇದೆ.”

ದೊಡ್ಡ ಹುಡುಗ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದ. ಹುಡುಗಿ ಬಂದು ಕುಳಿತಳು.

“ಹಗ್ಗ ಗಟ್ಟಿಯಾಗಿ ಹಿಡೀತೀಯಾ, ಬಿಡ್ತೀಯಾ?” ಎಂದು ಕೇಳಿದ ಸೂತ್ರಧಾರ.

ಆಕೆ ಇಪ್ಪತ್ತು ಮುಖದ ದಾಳವನ್ನು ಅಂಗೈಯಲ್ಲಿ ಉರುಳಿಸುತ್ತ ಬಹಳ ಹೊತ್ತು ಯೋಚಿಸಿದಳು. ನಾವೆಲ್ಲ ಕಾದೆವು.